ಕಂಸದ ಪಾತ್ರ

ಈ ಸಲ ನನಗೆ ಸಿಕ್ಕಿರುವುದು ಕಂಸದ ಪಾತ್ರ ಎಂದು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಕಂಸನಿಗೆ ಸ್ವಲ್ಪವಾದರೂ ಆಳ್ತನ ಬೇಡವೇ?" ಎಂದು ಕೇಳಿದಳು. ಅವಳ ತಪ್ಪೇನೂ ಇಲ್ಲ. ಉಡುಪಿಯ ಸುತ್ತಮುತ್ತ ಯಕ್ಷಗಾನ ನೋಡಿ ಬೆಳೆದವರಿಗೆ ಕಂಸನೆಂದರೆ ರಂಗಸ್ಥಳ ನಡುಗುವಂತೆ ಪ್ರವೇಶಿಸುವವನು. ನಾನೋ ಅಡುಗೆಮನೆಯನ್ನು ಪ್ರವೇಶಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಾನು ಹೇಳಿದ್ದು ದೇವಕಿಯ ಅಣ್ಣನ ವಿಷಯವಲ್ಲ. ನಾಟಕದ ಪುಸ್ತಕದಲ್ಲಿ ಪಾತ್ರದ ಹೆಸರಿಗೂ ಅದರ ಮಾತಿಗೂ ನಡುವೆ, ಎರಡು ಬಾಗಿದ ಗೆರೆಗಳ ಒಳಗೆ, 'ಕುಪಿತನಾಗಿ', 'ಕಣ್ಣೀರು ಒರೆಸಿಕೊಳ್ಳುತ್ತ', 'ಎಲ್ಲರೂ ನಿಷ್ಕ್ರಮಿಸುವರು' ಎಂದೆಲ್ಲ ಕುಳಿತಿರುತ್ತದಲ್ಲ, ಆ ಕಂಸ. ನಮ್ಮ ತಂಡ ಓದಿ ಧ್ವನಿಮುದ್ರಿಸಲು ಹೊರಟ ನಾಟಕದಲ್ಲಿ ರಾಜ, ರಾಣಿ, ಮಂತ್ರಿ, ವಿದೂಷಕ, ಋಷಿ, ಇಬ್ಬರು ದೂತರು ಎಲ್ಲರೂ ಹಂಚಿಹೋದ ಮೇಲೆ ಉಳಿದದ್ದು ಅದೊಂದೇ. "ನಿಮ್ಮ ಧ್ವನಿ ಅದಕ್ಕೆ ಹೇಳಿಮಾಡಿಸಿದಂತಿದೆ" ಎಂದರು ನಮ್ಮ ನಿರ್ದೇಶಕರು. ನಿನ್ನ ದನಿಯಲ್ಲಿ ಭಾವವೇ ಇಲ್ಲ ಎಂಬುದನ್ನು ಇಷ್ಟು ಗೌರವದಿಂದ ತಿಳಿಸಬಲ್ಲವರು ನಿವೃತ್ತ ಮುಖ್ಯೋಪಾಧ್ಯಾಯರು ಮಾತ್ರ.

ಕೇಳುವ ನಾಟಕಕ್ಕೂ ನೋಡುವ ನಾಟಕಕ್ಕೂ ಇರುವ ವ್ಯತ್ಯಾಸವೇನೆಂಬುದು ಈ ಪಾತ್ರದ ದೆಸೆಯಿಂದ ನನಗೆ ಹೊಳೆದಿದೆ. ಅದನ್ನು ಹೇಳುವುದಕ್ಕಾಗಿಯೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮುಂಚೆ ನಾಟಕದ ಆಯ್ಕೆಯ ಕಥೆಯನ್ನು ಹೇಳಿಬಿಡಬೇಕು.

ನಮ್ಮದು ಕೈಯಿಂದ ಖರ್ಚು ಮಾಡಿಕೊಂಡು, ಯಾರೂ ಕೇಳದಿದ್ದರೂ ಕೆಲಸ ಮಾಡುವ 11 ಮಂದಿಯ ತಂಡ. ಕರ್ತೃ ತೀರಿಕೊಂಡು 60 ವರ್ಷ ಕಳೆದ ಕೃತಿಯನ್ನಾದರೆ ಯಾರ ಅನುಮತಿಯೂ ಇಲ್ಲದೆ ಬಳಸಬಹುದು ಎಂದು ಕಾನೂನು ಹೇಳುವುದರಿಂದ ನಮ್ಮ ಮೊದಲ ಕೆಲವು ಸಭೆಗಳು ನಾಟಕಕಾರರ ಗುಣಕ್ಕಿಂತ ಹೆಚ್ಚಾಗಿ ಅವರ ಮರಣದ ಕುರಿತಾಗಿಯೇ ನಡೆದವು. ಒಬ್ಬರು 60 ವರ್ಷಕ್ಕೆ ಎರಡು ವರ್ಷ ಕಡಿಮೆ ಬಿದ್ದಾಗ, "ಛೆ, ಸ್ವಲ್ಪ ಮುಂಚೆ..." ಎಂದು ಆರಂಭಿಸಿದ ನಮ್ಮ ಮಂತ್ರಿ ಪಾತ್ರಧಾರಿ ವಾಕ್ಯವನ್ನು ಮುಗಿಸದೆ ಚಹಾ ಕುಡಿದರು. ಮೊದಲು ಯೋಚಿಸಿದ್ದು ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು. 1887ರ ನಾಟಕ; ಹೆಣ್ಣುಮಕ್ಕಳನ್ನು ದುಡ್ಡಿಗೆ ಮುದುಕರಿಗೆ ಕಟ್ಟುವ ಪದ್ಧತಿಯನ್ನು ಚೆನ್ನಾಗಿ ಝಾಡಿಸುವ ಕೃತಿ; ಯಾವ ದೃಷ್ಟಿಯಿಂದಲೂ ಆಕ್ಷೇಪವಿಲ್ಲದ್ದು. ಆದರೆ ಅದರ ಮಾತು ಉತ್ತರ ಕನ್ನಡದ ಹವ್ಯಕರದ್ದು, ನಮ್ಮ ತಂಡದಲ್ಲಿದ್ದ ಮೂವರು ಹವ್ಯಕರು ಪುತ್ತೂರಿನ ಕಡೆಯವರು. 'ಎನಗೆ' ಎನ್ನುವವರಿಗೂ 'ಯಂಗೆ' ಎನ್ನುವವರಿಗೂ ನಡುವೆ ಶರಾವತಿಯೊಂದೇ ಅಲ್ಲ, ಇನ್ನೂ ಕೆಲವು ಹೊಳೆಗಳು ಹರಿಯುತ್ತವೆಂದು ನನಗೆ ಆಗ ತಿಳಿಯಿತು. ಎರಡನೆಯ ವಾಚನಕ್ಕೇ ಸಭೆ ಮುರಿಯಿತು. ಕೊನೆಗೆ ಯಾರ ಮನೆಮಾತೂ ಅಲ್ಲದ, ಆದ್ದರಿಂದ ಯಾರಿಗೂ ನೋವಾಗದ ಭಾಷೆಯಲ್ಲಿರುವ ಒಂದು ಪೌರಾಣಿಕ ನಾಟಕವನ್ನು ಆರಿಸಿದೆವು. ಅದರ ಹೆಸರನ್ನು ಹೇಳಿದರೆ ನೀವು ನಾಳೆ ಹುಡುಕಿ ಕೇಳುತ್ತೀರಿ, ಬೇಡ.

ಆ ನಾಟಕದ ತುಂಬ ಕಂಸಗಳು. ನಾನು ಎಣಿಸಿದ್ದೇನೆ, 212 ಇವೆ. ಹಳೆಯ ನಾಟಕಕಾರರು ಸಂಸ್ಕೃತದ ಪದ್ಧತಿಯನ್ನು ಬಿಡದವರಾದ್ದರಿಂದ 'ಸ್ವಗತ', 'ಪ್ರಕಾಶವಾಗಿ', 'ಜನಾಂತಿಕವಾಗಿ', 'ನೇಪಥ್ಯದಲ್ಲಿ' ಎಂಬವು ಹೆಜ್ಜೆಗೊಂದು ಬರುತ್ತವೆ. ರಂಗದ ಮೇಲೆ ಜನಾಂತಿಕವೆಂದರೆ ನಟನು ಅನಾಮಿಕೆಯನ್ನು ಬಾಗಿಸಿ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದು ಪಕ್ಕದವನ ಕಿವಿಯಲ್ಲಿ ಹೇಳುವುದು. ಉಳಿದ ಪಾತ್ರಗಳು ಕೇಳಿಸಲಿಲ್ಲವೆಂದು ನಟಿಸುವುದು. ಪ್ರೇಕ್ಷಕನು ಅದನ್ನು ನಂಬುವುದು. ಎಲ್ಲವೂ ಆ ಒಂದು ಬೆರಳಿನ ಮೇಲೆ ನಿಂತಿದೆ. ಧ್ವನಿಮುದ್ರಣದಲ್ಲಿ ಬೆರಳಿಲ್ಲ, ನಾನಿದ್ದೇನೆ. ನಾನು 'ಜನಾಂತಿಕವಾಗಿ' ಎಂದು ಗಟ್ಟಿಯಾಗಿ ಘೋಷಿಸಿದ ಮೇಲೆ ಮಂತ್ರಿಯು ಗುಟ್ಟನ್ನು ಹೇಳುತ್ತಾನೆ. ಜಾತ್ರೆಯ ಧ್ವನಿವರ್ಧಕದಲ್ಲಿ "ಈಗ ಇವರಿಬ್ಬರು ಗುಟ್ಟಾಗಿ ಮಾತಾಡಲಿದ್ದಾರೆ" ಎಂದು ಸಾರಿದಂತಾಯಿತು. ಆಕಾಶವಾಣಿಯವರು ಇದನ್ನು ಎಂದೋ ಬಿಡಿಸಿಕೊಂಡಿದ್ದಾರೆ. 1976ರಲ್ಲಿ ಮಂಗಳೂರು ಕೇಂದ್ರ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಬಾನುಲಿ ನಾಟಕಗಳಲ್ಲಿ ಸ್ವಗತವೆಂದರೆ ನಟ ಮೈಕಿಗೆ ಹತ್ತಿರ ಬಂದು ಮೆಲ್ಲಗೆ ಆಡುವ ಮಾತು, ಅಷ್ಟೆ. ಕುದುರೆಯ ಸದ್ದು ಬೇಕಾದರೆ ಎರಡು ತೆಂಗಿನ ಗೆರಟೆ. ಇದನ್ನು ನಾನು ಸಭೆಯಲ್ಲಿ ಹೇಳಿದೆ. "ಮೂಲಕೃತಿಯ ಒಂದಕ್ಷರವನ್ನೂ ಬಿಡುವಂತಿಲ್ಲ" ಎಂದರು ನಿರ್ದೇಶಕರು.

ಹಾಗಾಗಿ ರಾಜನು ಗಹಗಹಿಸಿ ನಗುತ್ತಾನೆ, ಅದಕ್ಕೆ ಮುಂಚೆ ನಾನು 'ಗಹಗಹಿಸಿ ನಗುತ್ತ' ಎನ್ನುತ್ತೇನೆ. ರಾಜನು ದುಬೈಯಲ್ಲಿದ್ದಾನೆ. ಅವನು ನಗೆಯನ್ನು ಮೇ ತಿಂಗಳಲ್ಲಿ ಕಳುಹಿಸಿದ್ದಾನೆ, ನಾನು ಅದನ್ನು ಮುನ್ಸೂಚಿಸಿದ್ದು ಆಗಸ್ಟಿನಲ್ಲಿ. ರಾಣಿ ಮಂಗಳೂರಿನ ಕದ್ರಿಯವರು. ಮೂರನೆಯ ಅಂಕದಲ್ಲಿ ಅವರಿಬ್ಬರ ಭಯಂಕರ ಜಗಳವಿದೆ, ಆದರೆ ಇಬ್ಬರೂ ಇಂದಿನವರೆಗೆ ಪರಸ್ಪರ ಮುಖ ನೋಡಿಲ್ಲ. ಅವರವರ ಮನೆಯಲ್ಲಿ ಅವರವರ ಪಾಲಿನ ಮಾತುಗಳನ್ನು ಮಾತ್ರ, ನಡುವೆ ಸ್ವಲ್ಪ ಸ್ವಲ್ಪ ಬಿಡುವು ಬಿಟ್ಟು, ಒಂದೇ ಉಸಿರಿಗೆ ಓದಿ ಕಳುಹಿಸುತ್ತಾರೆ. ಮಣಿಪಾಲದ ಒಬ್ಬ ಹುಡುಗ ಅವುಗಳನ್ನು ಕತ್ತರಿಸಿ ಹೊಲಿಯುತ್ತಾನೆ. "ನನ್ನನ್ನು ಮುಟ್ಟಬೇಡಿ" ಎಂದು ರಾಣಿ ಬಾಷ್ಪಗದ್ಗದ ಕಂಠದಿಂದ ಹೇಳಿದಾಗ ರಾಜನು ಅವರಿಂದ ಒಂದು ಕಡಲಿನಷ್ಟು ದೂರದಲ್ಲಿದ್ದ. ರಾಜನ ಮಹಾಪ್ರಾಣಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. 'ಭೀತಿ'ಯನ್ನು 'ಬೀತಿ' ಎನ್ನುವ ರಾಜನಿಗೆ ಯಾವ ಶತ್ರು ಹೆದರಿಯಾನು ಎಂದು ಒಮ್ಮೆ ಕೇಳಿದ್ದಕ್ಕೆ, ಅವನು ರಜೆಯ ದಿನವನ್ನು ನಮಗೆ ಕೊಡುತ್ತಿದ್ದಾನೆ, ಸಂಬಳ ಪಡೆಯುವುದಿಲ್ಲ ಎಂದು ಉತ್ತರ ಬಂತು. ಸ್ವಯಂಸೇವೆಯ ದೊಡ್ಡ ತೊಂದರೆಯೇ ಇದು. ಸಂಬಳ ಕೊಡುವವನಿಗೆ ಬೈಯುವ ಹಕ್ಕಾದರೂ ಇರುತ್ತದೆ.

ಮಾತು ತಾಳಮದ್ದಳೆಯ ಕಡೆಗೆ ಹೋಗದೆ ಇರುವುದು ಸಾಧ್ಯವಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಉಟ್ಟು ಶಾಲು ಹೊದ್ದು ಕುಳಿತವರು ಬರಿಯ ಮಾತಿನಿಂದ ಕುರುಕ್ಷೇತ್ರವನ್ನು ನಿಲ್ಲಿಸುವುದನ್ನು ನಾವು ಕರಾವಳಿಯವರು ಯಂತ್ರಗಳು ಬರುವುದಕ್ಕಿಂತ ಎಷ್ಟೋ ಮುಂಚೆಯೇ ಕಂಡವರು. ಪದ್ಯ ಪ್ರಸಂಗದ್ದು, ಅರ್ಥ, ಎಂದರೆ ಪದ್ಯವನ್ನು ಹಿಡಿದು ಅಲ್ಲೇ ಕಟ್ಟಿ ಆಡುವ ಮಾತು, ಅರ್ಥಧಾರಿಯದ್ದು. ಅದು ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯಬೇಕಾದದ್ದು. ಮುಗಿಯಲು ಬಿಡದೆ ಹಿಡಿದಿಟ್ಟುಕೊಳ್ಳಲು ಹೋದವರು ನನ್ನ ಸೋದರಮಾವ.

ಮಾವ ಮುಂಬಯಿಯ ಹೋಟೆಲೊಂದರ ಗಲ್ಲಾದಲ್ಲಿದ್ದವರು. ಒಂದು ವರ್ಷ ಊರಿಗೆ ಬರುವಾಗ ಟೇಪ್ ರೆಕಾರ್ಡರನ್ನೂ ಅರುವತ್ತು ನಿಮಿಷದ ನಾಲ್ಕು ಕ್ಯಾಸೆಟ್ಟುಗಳನ್ನೂ ತಂದರು. ಬ್ರಹ್ಮಾವರದ ಒಳಗಿನ ನಮ್ಮ ಅಜ್ಜನ ಮನೆಗೆ ಹತ್ತಿರದ ದೇವಸ್ಥಾನದಲ್ಲಿ ಆ ವಾರವೇ 'ಕೃಷ್ಣ ಸಂಧಾನ' ತಾಳಮದ್ದಳೆ. ಕೃಷ್ಣನಿಗೂ ಕೌರವನಿಗೂ ಆ ಕಾಲದ ದೊಡ್ಡ ಅರ್ಥಧಾರಿಗಳು. ಮಾವ ಯಂತ್ರವನ್ನು ಭಾಗವತರ ಕಾಲಬುಡದಲ್ಲಿಟ್ಟು, ಮೊದಲ ಒಂದು ಗಂಟೆ ಯಾರೂ ಕೆಮ್ಮದಂತೆ ಕಣ್ಣಿನಿಂದಲೇ ಕಾದರು. ಕೌರವನು ಮುಖ್ಯ ಪ್ರಶ್ನೆಗೆ ಬಂದ: ಹಸ್ತಿನಾವತಿಯ ಅರಮನೆಯಲ್ಲಿ ಭಕ್ಷ್ಯಭೋಜ್ಯ ಸಿದ್ಧವಾಗಿರುವಾಗ, ವಿದುರನ ಗುಡಿಸಲಿನ ಕುಡಿತೆ ಹಾಲಿಗೆ ಹೋದೆಯಲ್ಲ, ಇದು ಹಸಿವೆಯೋ, ನನಗೆ ಮಾಡಿದ ಅವಮಾನವೋ? ಪ್ರಶ್ನೆಯನ್ನು ಅವರು ಹತ್ತು ನಿಮಿಷ ಬೆಳೆಸಿದರು. 'ಉತ್ತರ ಕೊಡು, ಗೋಪಾಲ' ಎಂದು ಮುಗಿಸಿದರು. ಅಲ್ಲಿಗೆ ಕ್ಯಾಸೆಟ್ಟಿನ ಎರಡನೆಯ ಮಗ್ಗುಲು ಮುಗಿಯಿತು.

ಮಾವ ಕ್ಯಾಸೆಟ್ಟನ್ನು ತೆಗೆದು, ಹೊಸದರ ಪ್ಲಾಸ್ಟಿಕ್ ಹರಿಯದೆ, ಹಲ್ಲಿನಿಂದ ಹರಿದು, ಒಳಗೆ ಹಾಕಿ, ತಲೆಕೆಳಗಾಗಿದೆಯೆಂದು ತಿಳಿದು, ಮತ್ತೆ ತೆಗೆದು ಹಾಕಿದರು. ಹೊಸ ಕ್ಯಾಸೆಟ್ಟು ಆರಂಭವಾಗುವುದು ಸಭೆಯ ನಗೆಯಿಂದ. ಅಂತಿಂಥ ನಗೆಯಲ್ಲ, ನಿಲ್ಲುತ್ತದೆ ಎನ್ನುವಾಗ ಮತ್ತೆ ಏಳುತ್ತದೆ, ಯಾರೋ ಚಪ್ಪಾಳೆ ತಟ್ಟುತ್ತಾರೆ, ಮದ್ದಳೆಯವರು ತಾವಾಗಿಯೇ ಒಂದು ಪೆಟ್ಟು ಹಾಕುತ್ತಾರೆ, ಕೌರವನೇ ನಗುತ್ತಿರುವುದು ಕೇಳಿಸುತ್ತದೆ. ಉತ್ತರ ಮಾತ್ರ ಇಲ್ಲ.

ಆ ಉತ್ತರವೇನು ಎಂಬುದರ ಮೇಲೆ ನಮ್ಮ ಕುಟುಂಬದಲ್ಲಿ ಇಪ್ಪತ್ತೈದು ವರ್ಷ ಜಗಳ ನಡೆಯಿತು. ಅಜ್ಜಿಯ ಪ್ರಕಾರ ಕೃಷ್ಣ ಹೇಳಿದ್ದು: "ವಿದುರನ ಮನೆಯಲ್ಲಿ ಎಲೆ ಹಾಕುತ್ತಾರೆ, ನಿನ್ನ ಮನೆಯಲ್ಲಿ ಲೆಕ್ಕ ಹಾಕುತ್ತಾರೆ." ದೊಡ್ಡಪ್ಪ ಇದನ್ನು ಒಪ್ಪುತ್ತಿರಲಿಲ್ಲ, ಅದು ಅಜ್ಜಿಯು ತನ್ನ ಬೀಗರ ಬಗ್ಗೆ ಹೇಳುತ್ತಿದ್ದ ಮಾತು, ಕೃಷ್ಣನದ್ದಲ್ಲ ಎಂದು ಅವರ ವಾದ. ಪ್ರೀತಿಯಿದ್ದರೆ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು, ನಿನಗೆ ಪ್ರೀತಿಯಿಲ್ಲ, ನನಗೆ ಆಪತ್ತಿಲ್ಲ ಎಂಬ ಭಾರತದ ಮಾತನ್ನೇ ಹೇಳಿದರೆಂದು ಅವರ ನಿಲುವು. ಆದರೆ ಅದಕ್ಕೆ ಯಾರು ಅಷ್ಟು ನಗುತ್ತಾರೆ? ಪಕ್ಕದ ಮನೆಯ ಅಂಗಡಿಯವರು, "ವಿದುರನಲ್ಲಿ ಊಟ, ನಿನ್ನಲ್ಲಿ ಹೋಟೆಲು" ಎಂದದ್ದನ್ನು ತಾವು ಎರಡೂ ಕಿವಿಗಳಿಂದ ಕೇಳಿರುವುದಾಗಿ ಪ್ರಮಾಣ ಮಾಡುತ್ತಿದ್ದರು. ದ್ವಾಪರದ ಕೃಷ್ಣನ ಬಾಯಲ್ಲಿ ಹೋಟೆಲನ್ನು ತುರುಕುವ ಅರ್ಥಧಾರಿ ಅವರಲ್ಲವೆಂದು ದೊಡ್ಡಪ್ಪ ಅಂಗಡಿಯಲ್ಲಿ ಆರು ತಿಂಗಳು ಸಾಮಾನು ತರಲಿಲ್ಲ. ಯಾರದ್ದೇ ಮದುವೆಯಿರಲಿ, ಊಟದ ಎಲೆಯ ಮುಂದೆ ಯಾರಾದರೂ ವಿದುರನ ಹೆಸರೆತ್ತಿದರೆ ಸಾಕು, ಸಾಲು ಎರಡಾಗುತ್ತಿತ್ತು. ಕೊನೆಗೆ ಎಲ್ಲರೂ ಮಾವನ ಕಡೆಗೆ ತಿರುಗುವರು. ಯಂತ್ರದ ಪಕ್ಕದಲ್ಲೇ, ಕೃಷ್ಣನಿಂದ ನಾಲ್ಕು ಮೊಳ ದೂರದಲ್ಲಿ ಕುಳಿತಿದ್ದವರು ಅವರು. ಮಾವ ತಲೆ ತಗ್ಗಿಸಿ, ತಾನು ಆಗ ಪ್ಲಾಸ್ಟಿಕ್ ಹರಿಯುತ್ತಿದ್ದೆ ಎನ್ನುವರು.

ನಾಲ್ಕನೆಯ ಕ್ಯಾಸೆಟ್ಟಿನ ಹೊತ್ತಿಗೆ ಬ್ಯಾಟರಿ ಸೋತು ಪಟ್ಟಿ ನಿಧಾನವಾಗಿ ಓಡಿದ್ದರಿಂದ, ಮರುದಿನ ಹೊಸ ಬ್ಯಾಟರಿ ಹಾಕಿ ಕೇಳಿದಾಗ ಮಾತೆಲ್ಲ ವೇಗವಾಗಿ, ಸಣ್ಣ ದನಿಯಲ್ಲಿ ಬಂತು. ಐದು ಗ್ರಾಮವನ್ನೂ ಕೊಡೆನೆಂದು ಕೌರವನು ಅಂಗನವಾಡಿಯ ಮಗುವಿನಂತೆ ಹಟ ಹಿಡಿಯುವುದನ್ನು ಕೇಳಿ ನಾವು ಮಕ್ಕಳು ನಕ್ಕೆವು. ಅಜ್ಜ ಮಾತ್ರ, "ಅವನ ನಿಜವಾದ ಸ್ವರ ಅದೇ" ಎಂದು ಹೇಳಿ ಎದ್ದುಹೋದರು.

ಇಷ್ಟೆಲ್ಲ ನೆನಪಾದದ್ದು ನನ್ನ ಕೋಣೆಯಲ್ಲಿ ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ, ತಲೆಯ ಮೇಲೆ ಕಂಬಳಿ ಹೊದ್ದು 'ಬೆವರೊರೆಸಿಕೊಳ್ಳುತ್ತ' ಎಂಬ ಕಂಸವನ್ನು ಓದುವಾಗ. ಅದೊಂದನ್ನು ನಾನು ಭಾವಪೂರ್ಣವಾಗಿಯೇ ಓದಿದೆನೆಂದು ನಂಬಿದ್ದೇನೆ. ಆದರೂ ಹಿಂದೆ ಬಂತು: "ಹಿನ್ನೆಲೆಯಲ್ಲಿ ಹಾರ್ನ್ ಇದೆ, ಮತ್ತೊಮ್ಮೆ ಓದಿ." ನನ್ನ ಮನೆ ಇರುವುದು ಕೊಡವೂರಿನಲ್ಲಿ, ಮಲ್ಪೆ ಬಂದರಿನಿಂದ ಮೀನು ಹೊತ್ತ ಸ್ಕೂಟರುಗಳು ಹೊರಡುವ ದಾರಿಯಲ್ಲಿ. ಅವುಗಳ ಹಾರ್ನ್ ಕೂಗಿದರೆ ಬೆಕ್ಕುಗಳಲ್ಲದೆ ನೆರೆಹೊರೆಯ ನಿವೃತ್ತರೂ ಅಂಗಳಕ್ಕಿಳಿಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಆ 61 ದಿನ ಹಾರ್ನಿನ ಕಾಟ ಕಡಿಮೆ ಎಂದು ಲೆಕ್ಕ ಹಾಕಿ ನಾನು ಕಾದೆ. ಆ 61 ದಿನವೂ ಮಳೆ ಹೊಯ್ಯಿತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಊರಿನಲ್ಲಿ ಅದು ಸುರಿಯುವುದು ಆಗಲೇ ಎಂಬುದು ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಹಂಚಿನ ಮೇಲಿನ ಮಳೆಯನ್ನಾದರೂ ಸಹಿಸಬಹುದು. ಹಂಚು ಸೋರುತ್ತದೆಂದು ಅದರ ಮೇಲೆ ಹೊದೆಸಿರುವ ತಗಡಿನ ಮೇಲಿನ ಮಳೆಯಲ್ಲಿ 'ನೀರವ ರಾತ್ರಿ' ಎಂದು ಓದುವುದು ಹೇಗೆ? ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಬೋಟುಗಳು ಹೊರಟವು. ಹಾರ್ನ್ ಮರಳಿ ಬಂತು. ನಾನು ಬೆಳಗಿನ ಜಾವ ಮೂರು ಗಂಟೆಗೆ ಎದ್ದು 212 ಕಂಸಗಳನ್ನೂ ಓದಿ ಮುಗಿಸಿದೆ.

ಎರಡು ತಿಂಗಳ ಬಳಿಕ ಸಿದ್ಧವಾದ ಧ್ವನಿಮುದ್ರಿಕೆಯನ್ನು ನಿರ್ದೇಶಕರ ಮನೆಯ ಜಗಲಿಯಲ್ಲಿ ಗೋಳಿಬಜೆಯೊಂದಿಗೆ ಕೇಳಿದೆವು. ಮೊದಲ ಅಂಕ ಮುಗಿದರೂ ನನ್ನ ದನಿ ಬರಲಿಲ್ಲ. ಹುಡುಗ ತಲೆ ಕೆರೆದುಕೊಂಡು, ಕಂಸಗಳು ಇಲ್ಲದಿದ್ದರೇ ನಾಟಕ ಚೆನ್ನಾಗಿ ಓಡುತ್ತದೆಯೆಂದು ಎಲ್ಲರಿಗೂ ಅನ್ನಿಸಿತು, ಆದ್ದರಿಂದ ತೆಗೆದೆ ಎಂದ. ನಾನು ಮೊದಲ ದಿನವೇ ಹೇಳಿದ್ದ ಮಾತದು. ಆ 'ಎಲ್ಲರಿಗೂ' ಎಂಬುದರಲ್ಲಿ ನಾನಿರಲಿಲ್ಲ ಎಂಬುದನ್ನು ನಿರ್ದೇಶಕರಿಗೆ ನೆನಪಿಸಿದೆ. ಅವರು ಇನ್ನೆರಡು ಗೋಳಿಬಜೆ ಬಡಿಸಿದರು.

ಮೂರನೆಯ ಅಂಕದ ಜಗಳ ಬಂತು. ರಾಣಿ "ನನ್ನನ್ನು ಮುಟ್ಟಬೇಡಿ" ಎಂದರು. ಅದಾದ ಮೇಲೆ ಪುಸ್ತಕದಲ್ಲಿ 'ದೀರ್ಘ ಮೌನ' ಎಂಬ ಕಂಸವಿದೆ. ಬರಿಯ ಖಾಲಿ ಬಿಟ್ಟರೆ ಯಂತ್ರ ಕೆಟ್ಟಿತೆಂದು ಕೇಳುವವರು ತಿಳಿಯುತ್ತಾರಂತೆ, ಆದ್ದರಿಂದ ಯಾರದಾದರೂ ಕೋಣೆಯ ಮೌನವನ್ನು ತಂದು ತುಂಬಬೇಕಂತೆ. ನಮ್ಮೆಲ್ಲರಿಂದಲೂ ಮೂವತ್ತು ಸೆಕೆಂಡು ಸುಮ್ಮನೆ ಕುಳಿತದ್ದನ್ನು ಹುಡುಗ ಮುದ್ರಿಸಿ ತರಿಸಿಕೊಂಡಿದ್ದ. ಅದನ್ನು ನಾನು ಹಗಲಿನಲ್ಲಿ ಕಳುಹಿಸಿದ್ದೆ. ಅವನು ಆರಿಸಿದ್ದು ನನ್ನದನ್ನು. ರಾಜ ಮಾತಾಡಲಿಲ್ಲ, ರಾಣಿ ಮಾತಾಡಲಿಲ್ಲ, ಅಂತಃಪುರದ ಆಚೆ ಎಲ್ಲೋ ಬಹಳ ದೂರದಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಒಮ್ಮೆ ಕೇಳಿಸಿತು, ಮತ್ತು ಜಗಲಿಯ ಕೆಳಗೆ ಮಲಗಿದ್ದ ನಿರ್ದೇಶಕರ ಬೆಕ್ಕು ಎದ್ದು ಗೇಟಿನ ಕಡೆಗೆ ಹೊರಟಿತು.