ಏನ್ ಬಿತ್ತು?

ಹಾಲಿಗೆ ಹೆಪ್ಪು ಹಾಕಿ, ಮೇಲೊಂದು ಸ್ಟೀಲ್ ತಟ್ಟೆ ಮುಚ್ಚೋಣ ಅಂದರೆ ಅದು ರಾತ್ರಿ ಹನ್ನೊಂದಕ್ಕೇ ಕೈ ಜಾರಬೇಕು. ಹಗಲು ಹೊತ್ತು ಬಿದ್ದರೆ ಅದಕ್ಕೆ ಮರ್ಯಾದೆ ಕಡಿಮೆಯೇನೋ.

ಅಡುಗೆ ಕಟ್ಟೆಯ ಎತ್ತರ ಸುಮಾರು 85 ಸೆಂಟಿಮೀಟರ್. ಅಲ್ಲಿಂದ ನೆಲ ಸೇರಲು ತಟ್ಟೆಗೆ 0.42 ಸೆಕೆಂಡ್ ಸಾಕು. ಕಣ್ಣು ಕಂಡು, ಮಿದುಳಿಗೆ ತಿಳಿದು, ಕೈ ಅಲುಗುವಷ್ಟರಲ್ಲಿ ಹೆಚ್ಚುಕಡಿಮೆ ಕಾಲು ಸೆಕೆಂಡ್ ಮುಗಿದಿರುತ್ತದೆ. ತಟ್ಟೆ ಆಗಲೇ ಒಂದಡಿ ಕೆಳಗಿರುತ್ತದೆ. ಮಿಕ್ಕ ದೂರ 0.17 ಸೆಕೆಂಡಿನ ಕೆಲಸ. ಹಾಗಾಗಿ ಕೈಗೆ ಸಿಗುವುದು ಬರೀ ಗಾಳಿ, ಮೊಣಕೈಗೆ ಸಿಗುವುದು ಪಕ್ಕದ ಲೋಟ. ನೆಲ ಮುಟ್ಟುವಾಗ ತಟ್ಟೆಯ ವೇಗ ಗಂಟೆಗೆ 15 ಕಿಲೋಮೀಟರ್, ಸಂಜೆ ಆರರ ಸಿಟಿ ಬಸ್ಸಿಗೆ ಹೊಟ್ಟೆಕಿಚ್ಚಾಗುವಷ್ಟು.

ಬಿದ್ದದ್ದು ಅರ್ಧ ಸೆಕೆಂಡೂ ಇಲ್ಲ, ಬೊಬ್ಬೆ ಮಾತ್ರ ಮುಗಿಯುವುದಿಲ್ಲ. ಕಟ್ಟೆಯ ಅಂಚಿನಿಂದ ಜಾರುವ ತಟ್ಟೆಯ ಒಂದು ಬದಿ ಮೊದಲು ವಾಲುತ್ತದೆ, ದಾರಿಯಲ್ಲೇ ಮಗುಚುತ್ತದೆ, ಅಂಚೂರಿ ಇಳಿದು ಗಿರಗಿರ ಸುತ್ತುತ್ತದೆ. ನೆಲಕ್ಕೆ ಒರಗುತ್ತಾ ಬಂದಷ್ಟೂ ಅಂಚು ನೆಲ ಕುಟ್ಟುವ ವೇಗ ಏರುತ್ತದೆ: ಠಣ್... ಠಣ್, ಠಣ್, ಠಣಠಣ, ಟ್ರ್‌ರ್‌ರ್. ಸುಸ್ತಾದಷ್ಟೂ ಜೋರಾಗಿ ಓಡುವ ವಸ್ತು ಮನೆಯಲ್ಲಿ ಇದೊಂದೇ. ಆ ಟ್ರ್‌ರ್‌ರ್ ನಡುವೆಯೇ ಒಳಕೋಣೆಯಿಂದ ಪ್ರಶ್ನೆ: "ಏನ್ ಬಿತ್ತು?" ಪಿಂಗಾಣಿಯೋ ಸ್ಟೀಲೋ ಸದ್ದಿನಲ್ಲೇ ಗೊತ್ತು, ಆದರೂ ಕೇಳಬೇಕು. "ಏನಿಲ್ಲ" ಅಂದರೆ, "ಮತ್ತೆ ಸದ್ದು?" ಎದ್ದು ಬಂದು ಎತ್ತಿಕೊಡುವವರು ಮಾತ್ರ ಯಾರೂ ಇಲ್ಲ!

ಆಗ ಅಂಚು ಹಿಡಿಯಲು ಹೋಗಬೇಡಿ, ಇನ್ನೊಂದು ಸುತ್ತು ಬಾರಿಸುತ್ತದೆ. ನಡುಮಧ್ಯಕ್ಕೆ ಪಾದವಿಟ್ಟು ಒತ್ತಿ, ಥಟ್ಟನೆ ನಿಲ್ಲುತ್ತದೆ. ಬಿದ್ದದ್ದು ಚಾಕುವಾದರೆ ಪಾದ ಹಿಂದಕ್ಕೆ, ಕೈ ಮೇಲಕ್ಕೆ.

ಸೆಗಣಿ ಸಾರಿಸಿದ ಮಣ್ಣಿನ ನೆಲ ಪೆಟ್ಟನ್ನೂ ಸದ್ದನ್ನೂ ಅಷ್ಟಿಷ್ಟು ನುಂಗಿಕೊಳ್ಳುತ್ತಿತ್ತು. ವಿಟ್ರಿಫೈಡ್ ಟೈಲ್ಸ್ ಏನನ್ನೂ ನುಂಗುವುದಿಲ್ಲ. ಹೆಸರು, ಮದುವೆ ತಾರೀಕು ಕೊರೆಸಿದ ಹಳೆಯ ತಟ್ಟೆಗಳ ಅಂಚಿನ ನೆಗ್ಗು ನೋಡಿದರೆ, ಆ ಹೆಸರಿನವರೂ ಎಷ್ಟು ರಾತ್ರಿ "ಏನಿಲ್ಲ" ಅಂದಿದ್ದರೋ ಅನ್ನಿಸುತ್ತದೆ.

1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು. ಒಟ್ಟಿಗೇ ನೆಲ ಸೇರಿದವು. ನಮ್ಮ ಕಟ್ಟೆ ಅಲ್ಲಿದ್ದಿದ್ದರೆ ತಟ್ಟೆ ಬೀಳಲು ಪೂರ್ತಿ ಒಂದು ಸೆಕೆಂಡ್, ಆರಾಮಾಗಿ ಹಿಡಿಯಬಹುದಿತ್ತು. ಹಿಡಿಯದಿದ್ದರೂ ಚಿಂತೆಯಿಲ್ಲ: ಗಾಳಿಯೇ ಇಲ್ಲ, ಠಣ್ ಒಳಕೋಣೆಗೆ ತಲುಪುವುದಿಲ್ಲ. ಹೆಪ್ಪು ಹಾಕಲು ಹಾಲು ತರಿಸುವುದೊಂದೇ ಕಷ್ಟ.