ದೊಡ್ಡಮ್ಮನ ಲೂನಾಗೆ ಪಾಲಿಶ್ ಬೇಡ, ರಸ್ತೆ ಬೇಕು

ಮೊನ್ನೆ ಭಾನುವಾರ ಬೆಳಗ್ಗೆ ನಮ್ಮ ದೊಡ್ಡಮ್ಮನ ಹಳೇ ಲೂನಾ ಮೊಪೆಡ್ ಹನ್ನೊಂದು ವರ್ಷದ ನಂತರ ಕಾವೇರಿ ದಾಟಿತು. ಒಂದು ಸಲ ಅಲ್ಲ, ಎರಡು ಸಲ. ಶ್ರೀರಂಗಪಟ್ಟಣ ದ್ವೀಪ ಅಲ್ವಾ. ಮೈಸೂರಿಂದ ಹೋಗುವಾಗ ಊರಿಗೆ ಮುಂಚೆ ಒಂದು ಕವಲು, ಊರು ದಾಟಿದ ಮೇಲೆ ಇನ್ನೊಂದು. ಎರಡನೇ ಸೇತುವೆ ಮೇಲೆ ಇಂಜಿನ್ನಿನ ಸದ್ದು ಒಂದೇ ಸಮ ಬರುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಗಾಡಿ ನಿಲ್ಲಿಸಲಿಲ್ಲ.

ದೊಡ್ಡಮ್ಮ ಪಾಂಡವಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಎಎನ್‌ಎಂ ಆಗಿದ್ದರು. ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ಮೊದಲು ಬಸ್ಸು, ಬಸ್ಸಿಲ್ಲದ ಕಡೆ ನಡಿಗೆ. 1984ರಲ್ಲಿ ಸಾಲ ಮಾಡಿ ಈ ಲೂನಾ ತಗೊಂಡರು. ಮರುವರ್ಷವೇ, ಅಂದರೆ 1985ರಲ್ಲಿ, ದೇಶದಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಯಿತು. ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬ ಹೊತ್ತು, ಐಸು ಕರಗುವುದರೊಳಗೆ ಮೂರು ಹಳ್ಳಿ ಮುಟ್ಟಬೇಕು. ಕಂಪನಿ ಕೊಟ್ಟ ಕ್ಯಾರಿಯರ್ ಮೇಲೆ ಡಬ್ಬ ಸರಿಯಾಗಿ ಕೂರುತ್ತಿರಲಿಲ್ಲ. ಊರಿನ ಕುಲುಮೆಯವರು ಎರಡು ಕಬ್ಬಿಣದ ಪಟ್ಟಿ ಬಡಿದು ಅಗಲ ಮಾಡಿಕೊಟ್ಟರು. ಆ ಪಟ್ಟಿ ಇವತ್ತಿಗೂ ಇದೆ. ಡಬ್ಬ ಉಜ್ಜಿ ಉಜ್ಜಿ ಒಂದು ಕಡೆ ಸವೆದು ತೆಳ್ಳಗಾಗಿದೆ.

ನಾನು ಗಾಡಿ ಕಲಿತಿದ್ದೂ ಇದರಲ್ಲೇ. ಹದಿನಾರು ತುಂಬಿದವರು 50 ಸಿಸಿ ದಾಟದ ಗಾಡಿ ಓಡಿಸಬಹುದು ಅಂತ ಕಾನೂನಿನಲ್ಲಿ ಇದೆ. ನನ್ನಂಥ ಎಷ್ಟೋ ಹುಡುಗಿಯರಿಗೆ ಮೊದಲ ಲೈಸೆನ್ಸ್ ಸಿಕ್ಕಿದ್ದು ಹಾಗೇ.

ದೊಡ್ಡಮ್ಮ 2014ರಲ್ಲಿ ರಿಟೈರ್ ಆದರು. ಮಂಡಿ ನೋವು ಜಾಸ್ತಿಯಾಯಿತು. ಗಾಡಿ ಕೊಟ್ಟಿಗೆ ಸೇರಿತು, ಮೇಲೆ ಹುಲ್ಲಿನ ಹೊರೆ ಬಿತ್ತು. ಹೋದ ವರ್ಷ ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ 1,200 ರೂಪಾಯಿ ಅಂದರಂತೆ. ಆ ಮಾತು ಫೋನಿನಲ್ಲಿ ಕೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಗೂಡ್ಸ್ ಆಟೋ ಮಾಡಿಕೊಂಡು ಹೋಗಿ ಮೈಸೂರಿಗೆ ತಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೈಸೂರಿನವರಾದ ನಮಗೆ ಜಾವಾ ಬೈಕ್ ಅಂದರೆ ಪ್ರಾಣ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು, 1996ರಲ್ಲಿ ಮುಚ್ಚಿತು. ಆದರೂ ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಜನ ಗಾಡಿ ತೊಳೆದು, ಒರೆಸಿ, ಸಾಲಾಗಿ ಹೊರಡುತ್ತಾರೆ. ಅದು ನನಗೂ ಹೆಮ್ಮೆ. ಆದರೆ ನಮ್ಮ ಮಂಡ್ಯ ಸೀಮೆಯಲ್ಲಿ ಹಾಲಿನ ಕ್ಯಾನು, ಹಸಿ ಹುಲ್ಲು, ಗೊಬ್ಬರದ ಚೀಲ, ಶಾಲೆಗೆ ಹೋಗುವ ಮಕ್ಕಳು, ಲಸಿಕೆ ಡಬ್ಬ ಇವನ್ನೆಲ್ಲ ಹೊತ್ತಿದ್ದು ಲೂನಾ, ಟಿವಿಎಸ್ 50, ಆಮೇಲೆ ಟಿವಿಎಸ್‌ನದೇ ಎಕ್ಸೆಲ್ ಮೊಪೆಡ್. ಇವುಗಳ ಹೆಸರಿನಲ್ಲಿ ಮೆರವಣಿಗೆ ಹೊರಟಿದ್ದನ್ನು ನಾನು ನೋಡಿಲ್ಲ. ಇವು ಕೆಜಿ ಲೆಕ್ಕದಲ್ಲಿ ಹೋಗುತ್ತಿವೆ. ಇದು ನನಗೆ ಸರಿ ಕಾಣುತ್ತಿಲ್ಲ.

ಲೂನಾಗೆ ಚರಿತ್ರೆ ಇಲ್ಲ ಅಂತಲೂ ಅಲ್ಲ. ಇಟಲಿಯ ಪಿಯಾಜಿಯೊ ಕಂಪನಿ 1967ರಲ್ಲಿ ಚಾವ್ ಅನ್ನುವ ಮೊಪೆಡ್ ತಂದಿತ್ತು. ಅದೇ ವಿನ್ಯಾಸ ಇಟ್ಟುಕೊಂಡು ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಲೂನಾ ಬಿಟ್ಟಿತು. ಎಂಟು ವರ್ಷದ ಮೇಲೆ, 1980ರಲ್ಲಿ, ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರುವ ಮೊಪೆಡ್. ಅಲ್ಲಿಯವರೆಗೆ ಸೈಕಲ್ಲಿಗಿಂತ ಮೇಲಿನದನ್ನು ಕನಸಿನಲ್ಲೂ ನೋಡದ ಮನೆಗಳಿಗೆ ಇಂಜಿನ್ ಬಂದಿದ್ದು ಹೀಗೆ. ಕ್ಲಚ್ ಹಿಡಿಯುವ ಹಾಗಿಲ್ಲ, ಗೇರ್ ಹಾಕುವ ಹಾಗಿಲ್ಲ. ಸೈಕಲ್ ಬರುತ್ತಿದ್ದರೆ ಸಾಕು. ಪೆಟ್ರೋಲ್ ಮುಗಿದರೆ ಪೆಡಲ್ ತುಳಿದುಕೊಂಡು ಮನೆ ಸೇರಬಹುದು. ಸೀರೆ ಉಟ್ಟ ಹೆಂಗಸೊಬ್ಬರು ಯಾರನ್ನೂ ಕೇಳದೆ ಹತ್ತು ಕಿಲೋಮೀಟರ್ ಹೋಗಿ ಬರಬಹುದಿತ್ತು. ಇದಕ್ಕಿಂತ ದೊಡ್ಡ ಚರಿತ್ರೆ ಯಾವುದು ಹೇಳಿ?

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆ. ಹಳೇ ಗಾಡಿಗಳನ್ನು ಚೆಂದ ಮಾಡುವುದರಲ್ಲಿ ಹೆಸರಿದ್ದವರು. ‘ನಿಮ್ಮನೆಯವರನ್ನ ಕಳಿಸಿ ಮೇಡಂ, ಮಾತಾಡ್ತೀನಿ’ ಅಂದರು. ನನ್ನ ಜೊತೆಗೇ ಮಾತಾಡಿ ಅಂದೆ. 38,000 ಆಗುತ್ತೆ ಅಂದರು. ಫುಲ್ ಪೇಂಟು, ಕ್ರೋಮು, ಹೊಸ ಸೀಟು. ಹಿಂದಿನ ಪಟ್ಟಿ ಕತ್ತರಿಸಿ ತೆಗೆದು ‘ಕಂಪನಿ ಲುಕ್’ ಕೊಡ್ತೀವಿ ಅಂದರು. ಇಂಜಿನ್ ಬಗ್ಗೆ ಕೇಳಿದರೆ, ಸ್ಟಾರ್ಟ್ ಆದರೆ ಸಾಕಲ್ವಾ, ನೀವೇನು ಓಡಿಸ್ತೀರಾ ಅಂತ ಕೇಳಿದರು. ಅವತ್ತೇ ಗಾಡಿ ವಾಪಸ್ ತಂದೆ.

ಆಮೇಲೆ ಸಿಕ್ಕವರು ನಮ್ಮ ಬಡಾವಣೆಯ ಹಿಂದಿನ ರಸ್ತೆಯಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್. ಅರವತ್ತು ದಾಟಿದ್ದಾರೆ. ಗಾಡಿ ನೋಡಿ ಅವರು ಮೊದಲು ಕೇಳಿದ್ದು, ‘ಎಷ್ಟು ವರ್ಷ ನಿಂತಿದೆ?’ ಬಣ್ಣದ ಮಾತೇ ಎತ್ತಲಿಲ್ಲ. ಆಗಲೇ ನನಗೆ ಧೈರ್ಯ ಬಂತು.

ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನಾಲ್ಕು ತಿಂಗಳು ಭಾನುವಾರಗಳನ್ನು ಕಳೆದೆ. ಟ್ಯಾಂಕಿನೊಳಗೆ ತುಕ್ಕು. ಹುಣಸೆ ರಸ ತುಂಬಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ, ಎರಡು ದಿನ ಆಗಾಗ ಕುಲುಕಿದೆವು. ಹಿತ್ತಾಳೆ ಪಾತ್ರೆ ಬೆಳಗುವ ಅದೇ ಹುಣಸೆಹಣ್ಣು. ಕೆಂಪು ನೀರು ಬಂತು, ಆಮೇಲೆ ಕಂದು, ಕೊನೆಗೆ ತಿಳಿ. ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆವು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಜೆಟ್ಟಿನ ತೂತಿನಲ್ಲಿ ಹಳೇ ಪೆಟ್ರೋಲ್ ಒಣಗಿ ಅರಗಿನ ಹಾಗೆ ಕೂತಿತ್ತು. ಅದಕ್ಕೆ ತಂತಿ ಹಾಕಬಾರದು, ತೂತು ದೊಡ್ಡದಾಗುತ್ತೆ. ನೆನೆಸಿಟ್ಟು ಗಾಳಿ ಹೊಡೆಯಬೇಕು. ಸೈಲೆನ್ಸರ್ ತುಂಬ ಮಸಿ. ಕಿಡಿಯ ಸಮಯ ಹೊಂದಿಸುವ ಪಾಯಿಂಟ್ ಮೇಲೆ ಕಪ್ಪು ಕರೆ. ಉಜ್ಜಿ, ಗ್ಯಾಪ್ ಸರಿ ಮಾಡಿ, ಕಂಡೆನ್ಸರ್ ಬದಲಿಸಿದ ಮೇಲೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಬಂತು. ಅವತ್ತು ಶೆಡ್ಡಿನ ಎಲ್ಲರಿಗೂ ನಾನೇ ಟೀ ಕೊಡಿಸಿದೆ.

ಎಲ್ಲಕ್ಕಿಂತ ಮುಖ್ಯ ಅಂತ ಅವರು ಹೇಳಿದ್ದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡು ಆಯಿಲ್ ಸೀಲು. ಹೊರಗಿನಿಂದ ಕಾಣುವುದೇ ಇಲ್ಲ, ಅಂಗಡಿಯಲ್ಲಿ ಬೆಲೆಯೂ ಕಡಿಮೆ. ಆದರೆ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಪೆಟ್ರೋಲ್ ಗಾಳಿಯನ್ನು ಒಳಗೆ ಎಳೆಯುತ್ತೆ, ಕೆಳಗೆ ಬಂದಾಗ ಸಿಲಿಂಡರಿಗೆ ದೂಡುತ್ತೆ. ಸೀಲು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಆ ಸಂದಿಯಿಂದ ಬರೀ ಗಾಳಿ ನುಗ್ಗುತ್ತೆ. ಪೆಟ್ರೋಲ್ ಪಾಲು ಕಡಿಮೆಯಾಗುತ್ತೆ. ಅದರ ಜೊತೆ ಬರಬೇಕಾದ ಆಯಿಲ್ಲೂ ಕಡಿಮೆ. ಇಂಜಿನ್ ಕಾಯ್ದು ಪಿಸ್ಟನ್ ಹಿಡಿದುಕೊಳ್ಳುತ್ತೆ. ಹೊಳೆಯುವ ಬಣ್ಣದ ಎಷ್ಟೋ ಹಳೇ ಗಾಡಿಗಳು ಮೊದಲ ಹತ್ತು ಕಿಲೋಮೀಟರಿನಲ್ಲೇ ಸಾಯುವುದು ಹೀಗೆ. ಸೀಲುಗಳನ್ನು ನಾನು ಮಂಡಿ ಮೊಹಲ್ಲಾದಲ್ಲಿ ಅಂಗಡಿ ಅಂಗಡಿ ಅಲೆದು, ಹಳೇ ಸೀಲಿನ ಅಳತೆ ಕೈಯಲ್ಲಿ ಹಿಡಿದು ಹುಡುಕಿದೆ. ಹೆಸರು ಹೇಳಿದರೆ ಸಿಗಲಿಲ್ಲ, ಅಳತೆ ಹೇಳಿದ ಮೇಲೆ ಸಿಕ್ಕಿತು.

ಬಣ್ಣಕ್ಕೆ ಕೈ ಹಚ್ಚಲಿಲ್ಲ. ತುಕ್ಕು ತಿಂದ ಕಡೆ ಮಾತ್ರ ಉಜ್ಜಿ ಪ್ರೈಮರ್ ಹೊಡೆದಿದ್ದೇವೆ. ಕುಲುಮೆಯ ಪಟ್ಟಿ ಹಾಗೇ ಇದೆ.

ಒಂದು ಎಚ್ಚರಿಕೆ, ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್, ಅಂದರೆ ಕಬ್ಬಿನಿಂದಲೂ ಮಾಡುವ ಮದ್ಯಸಾರ, ಇರುತ್ತೆ. ಕಬ್ಬು ಬೆಳೆಯುವ ನಮ್ಮ ಮಂಡ್ಯ ಜಿಲ್ಲೆಗೆ ಅದು ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಎಥೆನಾಲ್ ಗಾಳಿಯಲ್ಲಿನ ನೀರನ್ನು ಹೀರುತ್ತೆ. ತುಂಬ ದಿನ ನಿಂತರೆ ಆ ನೀರು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತೆ. ಹಳೇ ಕಾಲದ ರಬ್ಬರು ಅದಕ್ಕೆ ಉಬ್ಬಿ ಮೆತ್ತಗಾಗುತ್ತೆ. ಅದಕ್ಕೇ ಪೆಟ್ರೋಲ್ ಪೈಪು, ನಲ್ಲಿಯ ವಾಷರ್ ಎಲ್ಲ ಈಗಿನ ಕಾಲದ್ದನ್ನು ಹಾಕಿಸಿ. ಒಂದೇ ಲೀಟರ್ ಹಾಕಿಸಿ, ಓಡಿಸಿ ಖಾಲಿ ಮಾಡಿ. ಮನೆ ಹತ್ತಿರ ಬಂದಾಗ ನಲ್ಲಿ ಮುಚ್ಚಿ, ಕಾರ್ಬೊರೇಟರ್ ಒಣಗುವವರೆಗೂ ಇಂಜಿನ್ ಓಡಲಿ. ನಾನು ಸದ್ಯಕ್ಕೆ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಟಿ ಆಯಿಲ್, ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್, ಹಾಕುತ್ತಿದ್ದೇನೆ, ಹೊಸದಾಗಿ ಹಾಕಿಸಿದ ಪಿಸ್ಟನ್ ರಿಂಗು ಕೂರುವವರೆಗೆ.

ಹೊಗೆ ಬರುತ್ತೆ, ಒಪ್ಪುತ್ತೇನೆ. ಟೂ ಸ್ಟ್ರೋಕ್ ಇಂಜಿನ್ನು ಉರಿಯದ ಪೆಟ್ರೋಲನ್ನೂ ಹೊರಗೆ ಬಿಡುತ್ತೆ. ಅದಕ್ಕೇ ದಿನಾ ಆಫೀಸಿಗೆ ಇದರಲ್ಲಿ ಹೋಗುವುದಿಲ್ಲ. ವಾರಕ್ಕೊಂದು ಬೆಳಗ್ಗೆ ಸಾಕು.

ಕಾಗದದ ವಿಷಯ. ಆರ್‌ಸಿ ಯಾವತ್ತೋ ಮುಗಿದಿತ್ತು. ದಂಡ ಕಟ್ಟಿ, ಗಾಡಿ ತೋರಿಸಿ, ಐದು ವರ್ಷಕ್ಕೆ ನವೀಕರಿಸಿದ್ದೇವೆ. ‘ವಿಂಟೇಜ್’ ಗಾಡಿ ಅಂತ ನೋಂದಣಿ ಮಾಡಿಸಿ ಅಂತ ತುಂಬ ಜನ ಹೇಳುತ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ಮಾತ್ರ ಅದು ಸಿಗುತ್ತೆ. ಹೊಸದಾಗಿ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ. ಅಷ್ಟಾದ ಮೇಲೂ ಪ್ರದರ್ಶನ, ರ‍್ಯಾಲಿ ಅಂತ ಬಿಟ್ಟು ದಿನದ ಬಳಕೆಗೆ ಓಡಿಸುವ ಹಾಗಿಲ್ಲ. ದೊಡ್ಡ ಕಾರುಗಳಿಗೆ ಈ ನಿಯಮ ಇರಲಿ. ಕಾಳು ತರೋಕೆ, ತೋಟಕ್ಕೆ ಹೋಗೋಕೆ ಅಂತಲೇ ಹುಟ್ಟಿದ ಮೊಪೆಡ್ಡಿಗೆ ಇದು ಹೊಂದುವುದಿಲ್ಲ. ನಮ್ಮ ಲೂನಾಗೆ 2034ರಲ್ಲಿ ಐವತ್ತಾಗುತ್ತೆ. ಆಗಲೂ ನಾನು ಸಾಮಾನ್ಯ ನವೀಕರಣವನ್ನೇ ಕೇಳುತ್ತೇನೆ.

ಮೊನ್ನೆ ಹೋಗಿದ್ದು ಮೈಸೂರಿಂದ ಶ್ರೀರಂಗಪಟ್ಟಣ, ಕಿರಂಗೂರು, ಪಾಂಡವಪುರದ ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿನಿಂದ ಬೈಕಿಗೆ ಪ್ರವೇಶ ಇಲ್ಲ, ಹಾಗಾಗಿ ಸರ್ವಿಸ್ ರಸ್ತೆ. ಮೂವತ್ತರ ಮೇಲೆ ಹೋಗಲಿಲ್ಲ. ಕಿರಂಗೂರಿನಿಂದ ಬಲವಾದ ಗಾಳಿ ಎದುರಿಗಿತ್ತು, ಏರಿನಲ್ಲಿ ಇಂಜಿನ್ ಏದುಸಿರು ಬಿಟ್ಟಾಗ ನಾನೂ ಪೆಡಲ್ ತುಳಿದೆ. ಹಾಗೆ ತುಳಿಯುವಾಗ ಗಾಡಿ ಮತ್ತೆ ಮೇಲೇಳುವುದು ಕಾಲಿಗೇ ಗೊತ್ತಾಗುತ್ತೆ. ಬೇರೆ ಯಾವ ಗಾಡಿಯಲ್ಲೂ ಈ ಸುಖ ಇಲ್ಲ. ಆಲೆಮನೆಯ ಬೆಲ್ಲದ ವಾಸನೆ ಬಂದಿದ್ದು, ನಾಲೆಯ ನೀರಿನ ತಂಪು ಮುಖಕ್ಕೆ ತಾಗಿದ್ದು, ಎದುರು ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಎಕ್ಸೆಲ್ಲಿನವರು ‘ಲೂನಾ!’ ಅಂತ ಕೂಗಿ ಕೈ ಎತ್ತಿದ್ದು ಎಲ್ಲ ಸಿಕ್ಕಿದ್ದು ಆ ನಿಧಾನದಲ್ಲೇ.

ದೊಡ್ಡಮ್ಮ ಸದ್ದು ಕೇಳಿಯೇ ಜಗಲಿಗೆ ಬಂದಿದ್ದರು. ಏನೂ ಮಾತಾಡಲಿಲ್ಲ. ಕೋಲು ಊರಿಕೊಂಡು ಬಂದು ಹಿಂದಿನ ಪಟ್ಟಿಯ ಸವೆದ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ ಬಗ್ಗಿ ಪೆಟ್ರೋಲ್ ನಲ್ಲಿ ನೋಡಿ, ‘ಮುಚ್ಚಿಲ್ಲ ನೋಡು ಕಣೆ’ ಅಂದು ತಾವೇ ತಿರುಗಿಸಿದರು. ಕೈ ಸೀದಾ ಆ ಜಾಗಕ್ಕೇ ಹೋಯಿತು.

ಸ್ನೇಹಿತರೇ, ನಿಮ್ಮ ಊರಿನ ಕೊಟ್ಟಿಗೆಯಲ್ಲಿ, ಅಟ್ಟದ ಕೆಳಗೆ ಇಂಥದೊಂದು ಇದ್ದರೆ ದಯವಿಟ್ಟು ಗುಜರಿಗೆ ಕೊಡಬೇಡಿ. ಇಂಜಿನ್ ಹಿಡಿದುಕೊಂಡಿದ್ದರೂ ಪರವಾಗಿಲ್ಲ, ಮೊದಲು ಒಬ್ಬ ಹಳೇ ಮೆಕ್ಯಾನಿಕ್ಕಿಗೆ ತೋರಿಸಿ. ಅವರಿಗೂ ವಯಸ್ಸಾಗುತ್ತಿದೆ, ಈ ಇಂಜಿನ್ ಬಲ್ಲ ಕೈಗಳು ಇನ್ನು ಜಾಸ್ತಿ ಉಳಿದಿಲ್ಲ. ನೀವೂ ಪಕ್ಕದಲ್ಲಿ ಕೂತು ಕಲಿಯಿರಿ. ಓಡಿಸಲು ಆಗದಿದ್ದರೆ ಇಲ್ಲಿ ಕಾಮೆಂಟ್ ಹಾಕಿ, ಓಡಿಸುವವರನ್ನು ನಾನು ಹುಡುಕುತ್ತೇನೆ.

ಹಾಗೇ, 80ರ ದಶಕದ ಲೂನಾದ ಹೆಡ್‌ಲೈಟ್ ರಿಮ್ ಮತ್ತು ಎಡಗಡೆ ಪೆಡಲ್ಲಿನ ರಬ್ಬರ್ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಮುಂದಿನ ತಿಂಗಳು ಮೇಲುಕೋಟೆ ಬೆಟ್ಟ ಹತ್ತಿಸಬೇಕು ಅಂತಿದ್ದೇನೆ, ಅಲ್ಲಿ ಪೆಡಲ್ ಬೇಕೇ ಬೇಕು.