ಅಡಾಪ್ಟರ್ ಆರ್ಡರ್ ಮಾಡುವ ಮೊದಲು ರೌಟರ್‌ನ ಹಿಂಭಾಗ ನೋಡಿ

ಮನೆಯ ಹಳೆ ಲ್ಯಾಂಡ್‌ಲೈನ್ ಫೋನನ್ನು ಇಂಟರ್ನೆಟ್‌ಗೆ ಜೋಡಿಸಿ ಮಾತಾಡಬೇಕು, ಯಾವ ಅಡಾಪ್ಟರ್ ತಗೊಳ್ಳಲಿ? ಡೊಂಬಿವಲಿಯಿಂದ ವಾಸ್ಕೋವರೆಗೆ ನಮ್ಮವರು ಕೇಳುವ ಪ್ರಶ್ನೆ ಇದು. ಕೇಳಿದ ಕೂಡಲೇ ಯಾರಾದರೂ ಒಂದು ಮಾಡೆಲ್ ನಂಬರ್ ಹೇಳಿಬಿಡುತ್ತಾರೆ. ನನ್ನ ಪ್ರಕಾರ ಮಾಡೆಲ್ ಕೊನೆಯ ಮಾತು. ಫೋನ್ ನಂಬರ್ ಯಾರು ಕೊಡುತ್ತಾರೆ ಅನ್ನುವುದು ಮೊದಲು, ಮನೆಯ ರೌಟರ್ ಎಂಥದ್ದು ಅನ್ನುವುದು ಆಮೇಲೆ, ಡಬ್ಬಿಯ, ಅಂದರೆ ಅಡಾಪ್ಟರಿನ, ವಿಚಾರ ಎಲ್ಲಕ್ಕಿಂತ ಹಿಂದೆ. ಈ ಕ್ರಮ ತಪ್ಪಿದಲ್ಲೆಲ್ಲ ಒಳ್ಳೆಯ ಡಬ್ಬಿಯೂ ಕಪಾಟು ಸೇರುತ್ತದೆ.

ಮನೆಗೆ ಜಿಯೋ, ಏರ್‌ಟೆಲ್ ಅಥವಾ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆಯೇ? ಹಾಗಿದ್ದರೆ ಆ ಕಂಪನಿ ಕೊಟ್ಟ ರೌಟರ್ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಅಗಲದ ತೂತುಗಳ ಪಕ್ಕದಲ್ಲಿ ಒಂದು ಸಣ್ಣ ತೂತು ಇರಬಹುದು, ಅದರ ಮೇಲೆ ಫೋನ್, ಟೆಲ್ ಅಥವಾ ಪಾಟ್ಸ್ ಅಂತ ಬರೆದಿರುತ್ತದೆ. ಅದೇ ಆರ್‌ಜೆ-11. ಅಂದರೆ ಅಡಾಪ್ಟರ್ ಆಗಲೇ ಡಬ್ಬಿಯೊಳಗೆ ಕೂತಿದೆ. ಕಂಪನಿಗೆ ಹೇಳಿ ವಾಯ್ಸ್ ಚಾಲೂ ಮಾಡಿಸಿ, ಫೋನಿನ ವೈರು ಸಿಕ್ಕಿಸಿದರೆ ಕೆಲಸ ಮುಗಿಯಿತು. ಜಿಯೋದವರಾದರೆ ಅದೇ ನಂಬರನ್ನು ಜಿಯೋಜಾಯಿನ್ ಆ್ಯಪ್‌ನಲ್ಲಿ ಮೊಬೈಲಿನಿಂದಲೂ ಬಳಸಬಹುದು. ಒಂದು ಸಣ್ಣ ವಿಷಯ: 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮುಂದೆ ಸೊನ್ನೆ ಒತ್ತಲೇಬೇಕು. ಅದನ್ನು ಮರೆತು "ಫೋನ್ ಹಾಳು" ಅಂತ ದೂರು ಕೊಡುವವರು ಇವತ್ತಿಗೂ ಇದ್ದಾರೆ.

ಹಳೆ ನಂಬರ್ ಮೇಲೆ ಮೋಹ ಇರುವವರಿಗೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಕಂಪನಿ ಬದಲಿಸಿಯೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ ಇರುವುದು ಮೊಬೈಲ್‌ಗೆ, ಲ್ಯಾಂಡ್‌ಲೈನ್‌ಗೆ ಇಲ್ಲ. ಮೂವತ್ತು ವರ್ಷದಿಂದ ಎಲ್ಲರ ಡೈರಿಯಲ್ಲಿರುವ 022 ಅಥವಾ 0832ರ ನಂಬರನ್ನು ಬೇರೆ ಕಂಪನಿಯ ಅಡಾಪ್ಟರ್‌ಗೆ ಒಯ್ಯಲು ಆಗುವುದಿಲ್ಲ. ಅದೇ ಬೇಕೆಂದರೆ ತಾಮ್ರದ ಲೈನ್ ಕೊಟ್ಟವರ ಹತ್ತಿರವೇ ಹೋಗಿ, ಅದೇ ನಂಬರಿನಲ್ಲಿ ಫೈಬರ್ ಕೊಡುತ್ತೀರಾ ಅಂತ ಕೇಳಿ. ಅದಕ್ಕೆ ಮೊದಲೇ ಹಳೆ ಕನೆಕ್ಷನ್ ಸರೆಂಡರ್ ಮಾಡಬೇಡಿ.

ಹಾಗಾದರೆ ಅಡಾಪ್ಟರ್ ನಿಜಕ್ಕೂ ಯಾರಿಗೆ ಬೇಕು? ನನಗೆ ಕಾಣುವುದು ಎರಡೇ ಬಗೆ. ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದು, ಅಲ್ಲಿನ ಸಿಪ್ (ಇಂಟರ್ನೆಟ್ ಮೇಲೆ ಫೋನ್ ಕರೆ ಜೋಡಿಸುವ ಪದ್ಧತಿ) ಕಂಪನಿಯಿಂದ ಒಂದು ನಂಬರ್ ಕೊಂಡು, ಅದು ಮಾಟುಂಗದ ಮನೆಯಲ್ಲಿ ರಿಂಗಾಗಬೇಕು ಅನ್ನುವವರು. ಅವರಿಗೆ ಅದು ಲೋಕಲ್ ಕಾಲ್, ಇಲ್ಲಿ ಅಜ್ಜಿ ಎತ್ತುವುದು ಅದೇ ಹಳೆ ರಿಸೀವರ್. ಇನ್ನೊಂದು ಬಗೆ ಎರಡು ಮನೆಗಳ ನಡುವಿನ ಲೈನ್. ಪುಣೆಯಲ್ಲೊಂದು, ಧಾರವಾಡದಲ್ಲೊಂದು ಅಡಾಪ್ಟರ್ ಇಟ್ಟು, ಎರಡಕ್ಕೂ ಒಂದೇ ಸರ್ವರಿನ ಸಿಪ್ ಖಾತೆ ಹಾಕಿದರೆ ಮಾತು ಪೂರ್ತಿ ಇಂಟರ್ನೆಟ್‌ನಲ್ಲೇ ಓಡುತ್ತದೆ, ಮಧ್ಯೆ ಟೆಲಿಫೋನ್ ಎಕ್ಸ್‌ಚೇಂಜ್ ಬರುವುದೇ ಇಲ್ಲ. ಇನ್ನು ಕೇಬಲ್‌ವಾಲಾನ ಇಂಟರ್ನೆಟ್ ಇದೆ, ಅದಕ್ಕೊಂದು ಡಬ್ಬಿ ಹಾಕಿ 022 ನಂಬರ್ ಪಡೆಯುತ್ತೇನೆ ಅನ್ನುವವರು ಮೊದಲು ನಂಬರ್ ಕೊಡುವವರನ್ನು ಹುಡುಕಲಿ. ದೊಡ್ಡ ಕಂಪನಿಗಳು ಮನೆ ಗ್ರಾಹಕರಿಗೆ ಸಿಪ್ ಯೂಸರ್ ನೇಮ್, ಪಾಸ್‌ವರ್ಡ್ ಕೈಗೆ ಕೊಡುವುದಿಲ್ಲ, ತಮ್ಮ ಡಬ್ಬಿಯಲ್ಲೇ ತುಂಬಿಸಿ ಇಡುತ್ತವೆ.

ಈಗ ಡಬ್ಬಿ. ಅತಿ ಹೆಚ್ಚು ಜನ ಎಡವುವುದು ಎರಡು ಅಕ್ಷರಗುಚ್ಛದಲ್ಲಿ: ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಒ. ಫೋನ್ ಸಿಕ್ಕಿಸುವ ತೂತು ಎಫ್‌ಎಕ್ಸ್‌ಎಸ್. ಡಯಲ್ ಟೋನ್ ಕೊಡುವುದು, ರಿಂಗ್ ಮಾಡಿಸುವುದು ಅದು. ಹೊರಗಿನಿಂದ ಬರುವ ಟೆಲಿಫೋನ್ ಲೈನ್ ಸಿಕ್ಕಿಸುವುದು ಎಫ್‌ಎಕ್ಸ್‌ಒಗೆ. ನೋಡಲು ಎರಡೂ ಒಂದೇ. ನಿಮಗೆ ಬೇಕಾದದ್ದು ಎಫ್‌ಎಕ್ಸ್‌ಎಸ್. ಎಫ್‌ಎಕ್ಸ್‌ಒ ಇರುವ ಡಬ್ಬಿ ತಂದು ಅದಕ್ಕೆ ಇಲ್ಲಿನ ಲ್ಯಾಂಡ್‌ಲೈನ್ ಕೊಟ್ಟು, ವಿದೇಶದ ಇಂಟರ್ನೆಟ್ ಕರೆಯನ್ನು ಲೋಕಲ್ ಕರೆಯಾಗಿ ಹೊರಳಿಸುವ ಯೋಚನೆ ಯಾರಾದರೂ ಕೊಟ್ಟರೆ ದೂರವಿರಿ. ಅದು ಕಾನೂನು ಬಾಹಿರ, ಪೊಲೀಸ್ ಕೇಸಾಗುವ ವಿಷಯ. ಹಾಗೆಯೇ ಅಮೆರಿಕದ ಸಿಪ್ ಖಾತೆಯಿಂದ ಊರಿನ ನಂಬರ್‌ಗಳಿಗೆ ಡಯಲ್ ಮಾಡಬೇಡಿ. ನಿಯಮಕ್ಕೂ ಒಗ್ಗದು, ಅಂತರರಾಷ್ಟ್ರೀಯ ದರವೂ ಬೀಳುತ್ತದೆ. ಊರಿಗೆ ಮೊಬೈಲ್ ಇದೆಯಲ್ಲ.

ಹೊಸದು ಕೊಳ್ಳುವವರಿಗೆ ಗ್ರಾಂಡ್‌ಸ್ಟ್ರೀಮ್ ಎಚ್‌ಟಿ801 ಸಾಕು: ಒಂದು ಫೋನ್ ಪೋರ್ಟ್, ಒಂದು ಇಂಟರ್ನೆಟ್ ಪೋರ್ಟ್, ಬೇರೆ ಆಡಂಬರ ಇಲ್ಲ. ಮೇಲೆ ಹೇಳಿದ ಎರಡೂ ಉಪಯೋಗ ಬೇಕಾದವರಿಗೆ ಎಚ್‌ಟಿ802. ಅದರಲ್ಲಿ ಎರಡು ಫೋನ್ ಪೋರ್ಟ್, ಒಂದೊಂದಕ್ಕೆ ಬೇರೆ ಬೇರೆ ಖಾತೆ ಹಾಕಬಹುದು. ಎಚ್‌ಟಿ812ರಲ್ಲಿ ಒಂದು ರೌಟರ್ ಕೂಡ ಸೇರಿದೆ, ಮನೆಯಲ್ಲಿ ಆಗಲೇ ಒಂದಿರುವಾಗ ಅದು ತಲೆನೋವು. ಎಚ್‌ಟಿ813ರಲ್ಲಿ ಎಫ್‌ಎಕ್ಸ್‌ಒ ಇದೆ, ಬೇಡ. ಸಿಸ್ಕೋ ಎಟಿಎ 191, 192 ಗಟ್ಟಿ ಮಾಲು. ಆದರೆ ಮಾಡೆಲ್ ಹೆಸರಿನಲ್ಲಿ 3ಪಿಡಬ್ಲ್ಯೂ ಅಂತ ಇರುವುದನ್ನೇ ಕೇಳಿ ತಗೊಳ್ಳಿ. ಅದು ಇಲ್ಲದ್ದು ಸಿಸ್ಕೋದ ಆಫೀಸ್ ವ್ಯವಸ್ಥೆಗೆ ಮಾಡಿದ್ದು, ಹೊರಗಿನ ಸಿಪ್ ಖಾತೆಗೆ ಆಗಿಬರುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಪಕೀರ್ ಗಲ್ಲಿಯಲ್ಲೋ ಸೆಕೆಂಡ್ ಹ್ಯಾಂಡ್ ಹುಡುಕುವವರು ಮೂರು ವಿಷಯ ನೋಡಿಕೊಳ್ಳಬೇಕು. ವೋನೇಜ್, ಊಮಾ, ಮ್ಯಾಜಿಕ್‌ಜ್ಯಾಕ್ ಡಬ್ಬಿಗಳು ಆಯಾ ಕಂಪನಿಯ ಸೇವೆಗೇ ಕಟ್ಟಿಹಾಕಿದವು, ಬೇರೆ ಖಾತೆ ಹಾಕಲು ಬಿಡುವುದಿಲ್ಲ. ನೆಂಟರು ಸೂಟ್‌ಕೇಸಿನಲ್ಲಿ ತಂದ ಡಬ್ಬಿಯ ಪವರ್ ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಇರಬೇಕು. ಬರೀ 120 ಅಂತಿದ್ದರೆ ನಮ್ಮ ಪ್ಲಗ್ಗಿಗೆ ಹಾಕಿದ ಕ್ಷಣವೇ ಸುಟ್ಟು ಹೋಗುತ್ತದೆ. ಮೂರನೆಯದು ಸಿಸ್ಕೋ ಎಸ್‌ಪಿಎ112. ಒಂದು ಕಾಲದಲ್ಲಿ ಎಲ್ಲರ ಮೆಚ್ಚಿನದು, ಈಗ ಅಗ್ಗಕ್ಕೆ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಅದರಲ್ಲೊಂದು ಗಂಭೀರ ಭದ್ರತಾ ದೋಷ ಇದೆಯೆಂದು ಸಿಸ್ಕೋನೇ ಪ್ರಕಟಿಸಿತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ತಮ್ಮ ಸಾಫ್ಟ್‌ವೇರ್ ತುಂಬಿಸಬಹುದಾದ ದೋಷ ಅದು. ಮಾಡೆಲ್ ನಿಂತುಹೋದದ್ದರಿಂದ ರಿಪೇರಿ ಬರುವುದಿಲ್ಲ ಎಂದೂ ಹೇಳಿತು. ಎಷ್ಟೇ ಕಮ್ಮಿಗೆ ಕೊಟ್ಟರೂ ನಾನಂತೂ ಅದನ್ನು ತಗೊಳ್ಳಿ ಅನ್ನುವುದಿಲ್ಲ.

ಜೋಡಿಸುವುದು ಸುಲಭ: ರೌಟರ್‌ನಿಂದ ಡಬ್ಬಿಗೆ ಲ್ಯಾನ್ ಕೇಬಲ್, ಡಬ್ಬಿಯಿಂದ ಫೋನ್‌ಗೆ ಸಣ್ಣ ವೈರು. ಅಪಾಯ ಇರುವುದು ಗೋಡೆಯ ಹಳೆ ವೈರಿಂಗ್‌ಗೆ ಡಬ್ಬಿಯನ್ನು ಸೇರಿಸುವಾಗ. ಹಾಲ್‌ನಲ್ಲೂ ಬೆಡ್‌ರೂಮಿನಲ್ಲೂ ಫೋನ್ ಬೇಕು ಅಂತ ಡಬ್ಬಿಯ ವೈರನ್ನು ನೇರ ಗೋಡೆಯ ಸಾಕೆಟ್‌ಗೆ ಚುಚ್ಚುತ್ತಾರೆ. ಆ ಸಾಕೆಟ್ಟಿನ ಇನ್ನೊಂದು ತುದಿಯಲ್ಲಿ ಎಕ್ಸ್‌ಚೇಂಜಿನ ತಾಮ್ರದ ಲೈನ್ ಇನ್ನೂ ಜೀವಂತ ಇದ್ದರೆ 48 ವೋಲ್ಟ್ ಅಲ್ಲಿಂದಲೂ ಬರುತ್ತದೆ, ಡಬ್ಬಿಯಿಂದಲೂ ಬರುತ್ತದೆ. ರಿಂಗ್ ಬಂದಾಗ ಅದು ಇನ್ನೂ ಏರಿ ಡಬ್ಬಿಯ ಫೋನ್ ಪೋರ್ಟ್ ಸತ್ತೇ ಹೋಗಬಹುದು. ಸೊಸೈಟಿಯ ಇಂಟರ್‌ಕಾಮ್ ಕಥೆಯೂ ಇದೇ. ವಾಚ್‌ಮನ್ ಗೇಟಿನಿಂದ ಫೋನ್ ಮಾಡುವ ಆ ಲೈನ್ ಬಿಲ್ಡಿಂಗಿನ ಸ್ವಂತ ಪುಟ್ಟ ಎಕ್ಸ್‌ಚೇಂಜ್ ಆದ ಇಪಿಎಬಿಎಕ್ಸ್‌ನಿಂದ ಬರುತ್ತದೆ, ಅದರ ಸಾಕೆಟ್ಟೂ ಆರ್‌ಜೆ-11. ಅದಕ್ಕೆ ಅಡಾಪ್ಟರ್ ಸೇರಿಸಿದರೆ ನಿಮ್ಮ ಡಬ್ಬಿಯ ಜೊತೆ ಸೊಸೈಟಿಯ ಕಾರ್ಡೂ ಹೋಗಬಹುದು, ಆಮೇಲೆ ಕಮಿಟಿ ಮೀಟಿಂಗ್‌ನಲ್ಲಿ ನಿಮ್ಮದೇ ಅಜೆಂಡಾ. ಮನೆಯೊಳಗೆ ಲೈನ್ ಬರುವ ರೋಸೆಟ್ ಬಾಕ್ಸ್ ಬಿಚ್ಚಿ, ಹೊರಗಿನ ಎರಡೂ ಎಳೆ ಕಳಚಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಒಳಗಿನ ವೈರಿಂಗ್‌ಗೆ ಡಬ್ಬಿ ಕೊಡಿ. ಫೋನ್ ರಿಂಗಾಗುವಾಗ ಬರಿಗೈಯಲ್ಲಿ ಆ ಎಳೆ ಮುಟ್ಟಬೇಡಿ, ಜೋರಾಗಿಯೇ ಹೊಡೆಯುತ್ತದೆ.

ಇನ್ನು ಸೆಟ್ಟಿಂಗ್. ಗ್ರಾಂಡ್‌ಸ್ಟ್ರೀಮ್ ಆದರೆ ಫೋನ್ ಎತ್ತಿ * ಮೂರು ಸಲ ಒತ್ತಿ, ಆಮೇಲೆ 02. ಡಬ್ಬಿ ತನ್ನ ಐಪಿ ವಿಳಾಸವನ್ನು ಬಾಯಲ್ಲೇ ಹೇಳುತ್ತದೆ. ಅದನ್ನು ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ, ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಸಿಪ್ ಸರ್ವರ್, ಯೂಸರ್ ಐಡಿ, ಆಥೆಂಟಿಕೇಟ್ ಐಡಿ, ಪಾಸ್‌ವರ್ಡ್, ಈ ನಾಲ್ಕು ತುಂಬಿದರೆ ರಿಜಿಸ್ಟರ್ ಆಗಬೇಕು. ಕೋಡೆಕ್‌ನಲ್ಲಿ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಜಿ.711 ಮೊದಲಿಡಿ. ಧ್ವನಿಯ ಜೊತೆ ಹೋಗುವ ವಿಳಾಸದ ಮಾಹಿತಿ (ಹೆಡರ್) ಎಲ್ಲ ಸೇರಿ ಒಂದು ಕರೆಗೆ ಒಂದೊಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್, ಫೈಬರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಧ್ವನಿ ಒಡೆಯುತ್ತದೆ ಅಂತ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸುವುದು ದುಡ್ಡು ದಂಡ. ಒಡೆಯುವುದಕ್ಕೆ ಕಾರಣ ವೇಗ ಕಮ್ಮಿ ಇರುವುದಲ್ಲ, ಧ್ವನಿ ಹೊತ್ತ ಪ್ಯಾಕೆಟ್‌ಗಳು ಹೊತ್ತು ತಪ್ಪಿ ಬರುವುದು. ವೈಫೈ ಎಕ್ಸ್‌ಟೆಂಡರ್‌ಗೆ ಡಬ್ಬಿ ಸಿಕ್ಕಿಸದೆ ನೇರ ರೌಟರ್‌ಗೆ ಕೇಬಲ್ ಎಳೆದರೆ ಅರ್ಧ ಕಾಯಿಲೆ ವಾಸಿ.

ಹಿರಿಯರ ಮನೆಗಾದರೆ ಇನ್ನೆರಡು ಕೆಲಸ ಮಾಡಿಕೊಡಿ. ಡಬ್ಬಿಯ ಡಯಲ್ ಟೋನ್ ಅಮೆರಿಕದ ಶೈಲಿಯಲ್ಲಿರುತ್ತದೆ, ಕೇಳಿದ ಹಿರಿಯರು ಲೈನ್ ಕೆಟ್ಟಿದೆ ಅಂತ ಇಟ್ಟುಬಿಡುತ್ತಾರೆ. ನಮ್ಮದು 400 ಹರ್ಟ್ಸ್‌ನದು. ಆಚೆ ರಿಂಗಾಗುವ ಸದ್ದು 0.4 ಸೆಕೆಂಡ್ ಇದ್ದು, 0.2 ಬಿಟ್ಟು, ಮತ್ತೆ 0.4 ಬಂದು, 2 ಸೆಕೆಂಡ್ ಮೌನ. ಟೋನ್ ಸೆಟ್ಟಿಂಗ್‌ನಲ್ಲಿ ಇದನ್ನು ಬರೆದರೆ ಫೋನು ಪರಿಚಿತವಾಗುತ್ತದೆ. ಇನ್ನೊಂದು ಆಫ್‌ಹುಕ್ ಆಟೋ ಡಯಲ್. ರಿಸೀವರ್ ಎತ್ತಿ ಇಷ್ಟು ಸೆಕೆಂಡ್ ಸುಮ್ಮನಿದ್ದರೆ ತಾನೇ ಮಗಳ ನಂಬರ್‌ಗೆ ಹೋಗಲಿ ಅಂತ ಇಡಬಹುದು. ಧಾರವಾಡ-ಪುಣೆ ಬಗೆಯ ಲೈನಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಂಬರ್ ಒತ್ತುವವರಿಗೆ ಕೊನೆಯಲ್ಲಿ # ಒತ್ತಲು ಕಲಿಸಿ, ಇಲ್ಲದಿದ್ದರೆ ಮುಗಿಯಿತೋ ಇಲ್ಲವೋ ಅಂತ ಡಬ್ಬಿ ನಾಲ್ಕು ಸೆಕೆಂಡ್ ಕಾಯುತ್ತದೆ. ಬರುವ ನಂಬರ್ ಫೋನಿನ ಪರದೆ ಮೇಲೆ ಕಾಣದಿದ್ದರೆ ಕಾಲರ್ ಐಡಿ ಸ್ಕೀಮನ್ನು ಎಫ್‌ಎಸ್‌ಕೆಯಿಂದ ಡಿಟಿಎಂಎಫ್‌ಗೆ ಬದಲಿಸಿ ನೋಡಿ.

ತೊಂದರೆ ಬಂದಾಗ ಗಡಿಯಾರ ನೋಡಿ, ರೋಗ ಅದರಲ್ಲೇ ಗೊತ್ತಾಗುತ್ತದೆ. ಕರೆ ಪ್ರತಿ ಸಲ ಸರಿಯಾಗಿ 32 ಸೆಕೆಂಡಿಗೆ ಕಟ್ಟಾಗುತ್ತಿದ್ದರೆ ಕರೆ ಎತ್ತಿದ್ದಕ್ಕೆ ಕೊಡುವ ಒಪ್ಪಿಗೆ ಸಂದೇಶ ಆಚೆಗೆ ತಲುಪುತ್ತಿಲ್ಲ. ಅಪರಾಧಿ ಬಹುಪಾಲು ರೌಟರ್‌ನ ಸಿಪ್ ಎಎಲ್‌ಜಿ. ಸಹಾಯ ಮಾಡುತ್ತೇನೆಂದು ಬಂದು ವಿಳಾಸಗಳನ್ನು ಕೆಡಿಸುವ ಸೌಲಭ್ಯ ಅದು, ಆಫ್ ಮಾಡಿ. ಒಂದು ಕಡೆಯ ಮಾತು ಮಾತ್ರ ಕೇಳುವುದಕ್ಕೂ ಮೊದಲು ನೋಡಬೇಕಾದ್ದು ಇದನ್ನೇ. 15 ನಿಮಿಷಕ್ಕೆ ಕಟ್ಟಾಗುವುದಕ್ಕೆ ಕಾರಣ ಸೆಷನ್ ಟೈಮರ್, ಅಂದರೆ ಕರೆ ಇನ್ನೂ ಜೀವಂತ ಇದೆಯೇ ಅಂತ ಆಗಾಗ ವಿಚಾರಿಸುವ ವ್ಯವಸ್ಥೆ. ನೀವು ಮಾಡುವ ಕರೆ ಹೋಗುತ್ತದೆ, ಬರುವ ಕರೆ ಸ್ವಲ್ಪ ಹೊತ್ತಾದ ಮೇಲೆ ಬರುವುದೇ ಇಲ್ಲ ಅಂದರೆ ರೌಟರ್ ನಿಮ್ಮ ಡಬ್ಬಿಯ ದಾರಿ ಮರೆತಿದೆ. ಆ ದಾರಿ ಮರೆಯದಂತೆ ಡಬ್ಬಿ ಆಗಾಗ ಕಳಿಸುವ ಕೀಪ್ ಅಲೈವ್ ಸಂದೇಶ 20ರಿಂದ 30 ಸೆಕೆಂಡ್, ರಿಜಿಸ್ಟ್ರೇಷನ್ 5 ನಿಮಿಷ ಇಡಿ. ರೌಟರ್‌ನ ಹೊರಗಿನ ಐಪಿ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಸಿಜಿ-ನ್ಯಾಟ್‌ನ ಹಿಂದೆ ಇದ್ದೀರಿ, ಅಂದರೆ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಅಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಫಲವಿಲ್ಲ, ಕೀಪ್ ಅಲೈವ್ ಒಂದೇ ಗತಿ. ರಾತ್ರಿ ಎರಡು ಗಂಟೆಗೆ 100, 1000 ಅನ್ನುವಂಥ ನಂಬರಿನಿಂದ ರಿಂಗಾಗಿ, ಎತ್ತಿದರೆ ಯಾರೂ ಇಲ್ಲವೇ? ದೆವ್ವ ಅಲ್ಲ, ಸಿಪ್ ಕರೆಗಳು ಬರುವ 5060 ಪೋರ್ಟ್ ತಡಕುತ್ತಾ ಇಂಟರ್ನೆಟ್ ಪೂರ್ತಿ ತಿರುಗುವ ಸ್ಕ್ಯಾನರ್‌ಗಳು. ಸರ್ವರ್‌ನಿಂದ ಬಂದ ಕರೆ ಮಾತ್ರ ತಗೋ ಅನ್ನುವ ಆಯ್ಕೆಗೆ ಟಿಕ್ ಹಾಕಿ, ಲೋಕಲ್ ಸಿಪ್ ಪೋರ್ಟ್ ಬದಲಿಸಿ.

ಹಳೆ ತಾಮ್ರದ ಫೋನ್ ಕರೆಂಟ್ ಹೋದರೂ ಮಾತಾಡುತ್ತಿತ್ತು, ಯಾಕೆಂದರೆ ಕರೆಂಟ್ ಕೊಡುತ್ತಿದ್ದದ್ದು ಎಕ್ಸ್‌ಚೇಂಜ್. ಇದು ಹಾಗಲ್ಲ. ಪುಣೆಯ ಗುರುವಾರದ ಮೇಂಟೆನೆನ್ಸ್ ಇರಲಿ, ಗೋವೆಯ ಮಳೆಗಾಲ ಇರಲಿ, ರೌಟರ್ ಆರಿದರೆ ಫೋನೂ ಆರಿತು. ಮಿನಿ ಯುಪಿಎಸ್ ತಗೊಳ್ಳುವಾಗ 12 ವೋಲ್ಟ್ ಜೊತೆ 5 ವೋಲ್ಟ್ ಔಟ್‌ಪುಟ್ಟೂ ಇರುವುದನ್ನು ನೋಡಿ. ರೌಟರ್ ಸಾಮಾನ್ಯವಾಗಿ 12, ಎಚ್‌ಟಿ801 ಐದು ವೋಲ್ಟಿನದು, ಅದಲು ಬದಲಾದರೆ ಡಬ್ಬಿ ಉಳಿಯದು. ಪೆಟ್ಟಿಗೆಯ ಮೇಲೆ 8,000 ಎಂಎಎಚ್ ಅಂತಿದ್ದರೆ 3.7ರಿಂದ ಗುಣಿಸಿ: ಸುಮಾರು 30 ವ್ಯಾಟ್ ಅವರ್, ಸೋರುವುದು ಕಳೆದರೆ 25. ಎರಡೂ ಸೇರಿ 12 ವ್ಯಾಟ್ ಎಳೆದರೆ ಎರಡು ತಾಸು. ಗುಡುಗಿದಾಗ ಯುಪಿಎಸ್‌ನ ಪ್ಲಗ್ ಕೀಳಿ. ಫೈಬರ್ ಗಾಜಿನದು, ಅದರೊಳಗಿಂದ ಸಿಡಿಲು ಬರುವುದಿಲ್ಲ. ಬರುವುದು ಗೋಡೆಯ ಕರೆಂಟಿನಿಂದ. ಕೊಂಕಣದ ತೇವಕ್ಕೆ ಆರ್‌ಜೆ-11ರ ತಾಮ್ರದ ಹಲ್ಲುಗಳು ಹಸಿರುಗಟ್ಟಿ ಪರಪರ ಸದ್ದು ಬರುತ್ತದೆ. ಅದಕ್ಕೆ ಸೆಟ್ಟಿಂಗ್ ತಡಕಬೇಡಿ, ಹೊಸ ವೈರು ಹಾಕಿ.

ಫ್ಯಾಕ್ಸ್ ಮಷೀನ್ ಇಟ್ಟುಕೊಂಡವರು ಇಂಟರ್ನೆಟ್ ಮೇಲೆ ಫ್ಯಾಕ್ಸ್ ಕಳಿಸುವ ಟಿ.38 ಪದ್ಧತಿ ಇದೆಯೇ ಅಂತ ಸಿಪ್ ಕಂಪನಿಯನ್ನೂ ಕೇಳಬೇಕು, ಡಬ್ಬಿಯಲ್ಲಿ ಇದ್ದರಷ್ಟೇ ಸಾಲದು. ಕೊನೆಗೊಂದು ಕೆಲಸ: ವಿದೇಶಿ ನಂಬರ್ ಹಾಕಿದ ಫೋನಿನಿಂದ 112, 108 ನಮ್ಮ ಊರಿನ ಕಂಟ್ರೋಲ್ ರೂಮಿಗೆ ಹೋಗುವುದಿಲ್ಲ. ರಿಸೀವರ್ ಮೇಲೇ ದಪ್ಪ ಅಕ್ಷರದಲ್ಲಿ "ತುರ್ತಿಗೆ ಮೊಬೈಲ್" ಅಂತ ಬರೆದ ಚೀಟಿ ಅಂಟಿಸಿ, ಆ ಮೊಬೈಲನ್ನು ಚಾರ್ಜಿಗೆ ಹಾಕಿ ಫೋನಿನ ಪಕ್ಕದಲ್ಲೇ ಇಡಿ.